ಕೃಷ್ಣಯ್ಯನವರ ಸಾಕ್ಷಿ ಡಬ್ಬಿಗಳು

ಅಡಿಗೆಯವರ ಮಾತನ್ನು ನಂಬಬಾರದು ಎನ್ನುವುದು ನನ್ನ ಕೆಲಸದ ಮೊದಲ ನಿಯಮ. ಇದನ್ನು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿಲ್ಲ, ನಾನೇ ಪೆಟ್ಟು ತಿಂದು ಮಾಡಿಕೊಂಡದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಹೋಟೆಲು, ಬೇಕರಿ, ಹಾಸ್ಟೆಲು, ಕಲ್ಯಾಣ ಮಂಟಪಗಳ ಅಡಿಗೆಮನೆಗೆ ಸ್ಕೂಟಿಯಲ್ಲಿ ಹೋಗಿ, ನೀರು ಎಲ್ಲಿಯದು, ಫ್ರಿಜ್ ಎಷ್ಟು ಡಿಗ್ರಿ ಇದೆ, ಇಲಿ ಹಿಕ್ಕೆ ಎಲ್ಲಿ ಬಿದ್ದಿದೆ ಎಂದು ನೋಡಿ, ತೊಂಬತ್ತಾರು ಪ್ರಶ್ನೆಯ ಒಂದು ಫಾರಂ ತುಂಬುವುದು ನನ್ನ ಉದ್ಯೋಗ. ನಾನು ಸರ್ಕಾರದವಳಲ್ಲ. ಆಡಿಟ್ ಮಾಡಿಕೊಡುವ ಒಂದು ಕಂಪನಿ ನನ್ನನ್ನು ಇಟ್ಟುಕೊಂಡಿದೆ. ಆದರೂ ನಾನು ಬಾಗಿಲಲ್ಲಿ ಕಂಡರೆ ಸಾಕು, ಒಳಗೆ ಯಾರೋ ಓಡುವುದು ಕೇಳಿಸುತ್ತದೆ. ಐದು ನಿಮಿಷದಲ್ಲಿ ಎಲ್ಲರ ತಲೆ ಮೇಲೂ ಟೋಪಿ ಬಂದಿರುತ್ತದೆ, ಒಬ್ಬನಿಗಂತೂ ತಿರುಗುಮುರುಗು.

ನಾನು ಮುತ್ತಿನಕೊಪ್ಪದ ಗೌಡರ ಮನೆಯ ಹುಡುಗಿ. ಹೆಸರು ಸೌಂದರ್ಯಾ. ಹೆಸರು ಇಡುವಾಗ ಬಾಯಿಯ ವಿಚಾರ ಯಾರೂ ಯೋಚನೆ ಮಾಡಿರಲಿಲ್ಲ ಎಂದು ನನ್ನ ಅಮ್ಮ ಈಗಲೂ ಅನ್ನುತ್ತಾಳೆ. ಸುಳ್ಳು ಹೇಳಿದರೆ ನನಗೆ ಮೈ ಉರಿಯುತ್ತದೆ. ಈ ಕೆಲಸದಲ್ಲಿ ದಿನಾ ಉರಿಯುತ್ತದೆ.

ಕೃಷ್ಣಯ್ಯನವರು ಮಾತ್ರ ನನ್ನ ನಿಯಮಕ್ಕೆ ಸಿಕ್ಕಲಿಲ್ಲ.

ಎರಡು ವರ್ಷದ ಹಿಂದೆ ಕೊಪ್ಪದಲ್ಲಿ ಅಡಿಗೆಯವರಿಗೆ ಒಂದು ದಿನದ ತರಬೇತಿ ಇಟ್ಟಿದ್ದೆವು. ಬಂದವರು ನಲವತ್ತು ಜನ. ಸರ್ಟಿಫಿಕೇಟ್ ಇಲ್ಲದಿದ್ದರೆ ಮಂಟಪದವರು ಒಳಗೆ ಬಿಡುವುದಿಲ್ಲ ಎಂದು ಬಂದವರೇ ಹೆಚ್ಚು, ಮೊಬೈಲ್ ನೋಡುತ್ತ ಮಧ್ಯಾಹ್ನದ ಊಟಕ್ಕೆ ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಅರವತ್ತರ ಹತ್ತಿರದ ಒಬ್ಬರು ಬಿಳಿ ಪಂಚೆ ಉಟ್ಟು, ನೂರು ಪುಟದ ನೋಟ್‌ಬುಕ್ ಬಿಚ್ಚಿ, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನಾನು ಕೆಮ್ಮಿದರೂ ಬರೆದುಕೊಂಡಾರು ಅನ್ನಿಸುವಷ್ಟು. ಕೈಯನ್ನು ಇಪ್ಪತ್ತು ಸೆಕೆಂಡ್ ತೊಳೆಯಬೇಕು ಅಂದಾಗ ಎದ್ದು ನಿಂತರು.

"ಮೇಡಂ, ಇಪ್ಪತ್ತು ಸೆಕೆಂಡ್ ಅಂದ್ರೆ ನಮ್ಗೆ ಹೇಗೆ ಗೊತ್ತಾಗ್ಬೇಕು? ಕೈಯೆಲ್ಲ ಸೋಪು ಇರ್ತದೆ, ಗಡಿಯಾರ ನೋಡ್ಲಿಕ್ಕೆ ಆಗ್ತದಾ? ಒಂದು ಗಾಯತ್ರಿ ಹೇಳಿದ್ರೆ ಎಷ್ಟಾಗ್ತದೆ?"

ಹಿಂದಿನವರು ನಕ್ಕರು. ನಾನು ನಗಲಿಲ್ಲ, ಮೊಬೈಲಿನಲ್ಲಿ ಸಮಯ ಇಟ್ಟೆ. ಅವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹೇಳಿ ಮುಗಿಸಿದರು. ಹತ್ತು ಸೆಕೆಂಡ್. "ಹಾಗಾದ್ರೆ ಎರಡು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೂತರು. ಆಮೇಲೆ ನಾನು ಯಾವ ಮಂಟಪದಲ್ಲಿ ಅವರ ಕೆಲಸ ನೋಡಲು ಹೋದರೂ ನಲ್ಲಿಯ ಹತ್ತಿರ ನಿಂತು ತುಟಿ ಅಲ್ಲಾಡಿಸುತ್ತಿದ್ದರು.

ಅವರ ಮನೆ ಶೃಂಗೇರಿಯಿಂದ ಕೊಪ್ಪದ ಕಡೆಗೆ ನಾಲ್ಕು ಮೈಲಿ. ಅವರ ತಂದೆಯೂ ಮದುವೆ ಮುಂಜಿಗಳ ಅಡಿಗೆಯವರೇ. ಕೃಷ್ಣಯ್ಯನವರು ತಂದೆಯ ಜೊತೆ ತೆಂಗಿನಕಾಯಿ ತುರಿಯುವುದರಿಂದ ಶುರುಮಾಡಿ ಈಗ ಆರು ಜನರ ತಂಡ ಕಟ್ಟಿದ್ದರು. ಪಾತ್ರೆ ಸಾಗಿಸುವ ವ್ಯಾನ್ ಓಡಿಸುವವನು ಮಗ ಶಿವಕಿರಣ. ಮೇಗುಂದದಿಂದ ಹಿಡಿದು ಎನ್.ಆರ್. ಪುರದ ತನಕ, ಮುಹೂರ್ತ ಗೊತ್ತು ಮಾಡುವ ಮೊದಲು ಕೃಷ್ಣಯ್ಯ ಸಿಗುತ್ತಾರೋ ಇಲ್ಲವೋ ಎಂದು ಕೇಳುವ ಮನೆಗಳಿದ್ದವು.

ಅವರ ಅಡಿಗೆಯ ಕ್ರಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಅವರು ರುಚಿ ನೋಡುವುದಿಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಮುನ್ನೂರು ಜನರ ಸಾರಿಗೆ ಉಪ್ಪು ಹಾಕುವಾಗಲೂ ಅಂಗೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ, ಹಾಕುತ್ತಾರೆ, ಕುದಿಯುವ ಬಣ್ಣವನ್ನು ಒಮ್ಮೆ ನೋಡುತ್ತಾರೆ, ಮುಗಿಯಿತು. ಬೇರೆ ಕಡೆ ಸೌಟು ನೆಕ್ಕಿ ಅದನ್ನೇ ಮತ್ತೆ ಕೊಪ್ಪರಿಗೆಗೆ ಅದ್ದುವುದನ್ನು ನೋಡಿ ನೋಡಿ ನನಗೆ ಸಾಕಾಗಿ ಹೋಗಿತ್ತು. ಮೊದಲ ಆಡಿಟ್‌ನಲ್ಲಿ ಅವರಿಗೆ ತೊಂಬತ್ತಾರಕ್ಕೆ ತೊಂಬತ್ತೊಂದು ಬಂತು. ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ನಾನು ಅಷ್ಟು ಕೊಟ್ಟದ್ದಿಲ್ಲ.

ಹೋದ ಐದು ಯಾವುದು ಎಂದು ಅವರು ಬಿಡದೆ ಕೇಳಿದರು. ಮಾಡಿದ ಅಡಿಗೆಯ ಸ್ಯಾಂಪಲ್ ಇಟ್ಟುಕೊಳ್ಳದ್ದು, ಅಂದೆ. ಪ್ರತಿಯೊಂದು ಪದಾರ್ಥದಿಂದ ನೂರು ಗ್ರಾಂ ತೆಗೆದು, ಮುಚ್ಚಳದ ಡಬ್ಬಿಗೆ ಹಾಕಿ, ಹೆಸರು, ದಿನಾಂಕ, ಸಮಯ ಬರೆದು, ಐದು ಡಿಗ್ರಿಯ ಕೆಳಗೆ ಎರಡು ಪೂರ್ತಿ ದಿನ ಇಡಬೇಕು. ಆ ಫ್ರಿಜ್ಜಿನಲ್ಲಿ ಬೇರೆ ಏನೂ ಇರಬಾರದು.

"ಎಂತಕ್ಕೆ ಮೇಡಂ, ಹಳಸಿದ್ದನ್ನು ಇಟ್ಕೊಂಡು?"

"ನಾಳೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ಎಲ್ಲರೂ ಮೊದ್ಲು ನಿಮ್ಮನ್ನೇ ಹಿಡಿಯೋದು ಭಟ್ರೇ. ತಪ್ಪು ನಿಮ್ದಾ ಅಲ್ವಾ ಅಂತ ಆಗ ಆ ಡಬ್ಬಿನೇ ಹೇಳ್ಬೇಕು. ಲ್ಯಾಬ್‌ಗೆ ಕಳಿಸ್ತಾರೆ."

ಅವರು ನೋಟ್‌ಬುಕ್ ತೆಗೆದು ಬರೆದುಕೊಂಡರು. "ಅಂದ್ರೆ ಸಾಕ್ಷಿ" ಅಂದರು. ಅವತ್ತಿನಿಂದ ಅವು ಸಾಕ್ಷಿ ಡಬ್ಬಿಗಳೇ. ಶಿವಮೊಗ್ಗದಿಂದ ಒಂದೇ ಅಳತೆಯ ಇಪ್ಪತ್ತು ಸ್ಟೀಲ್ ಡಬ್ಬಿ ತರಿಸಿದರು. ಯಾರದೋ ಹಳೆಯ ಫ್ರಿಜ್ ಒಂದನ್ನು ಕೊಂಡು ಜಗುಲಿಯ ಮೇಲೆ ಇಟ್ಟರು. ಮಂಟಪದಿಂದ ಬಂದ ಕೂಡಲೇ ಡಬ್ಬಿಗಳನ್ನು ತಾವೇ ಅದರಲ್ಲಿ ಸಾಲಾಗಿ ಜೋಡಿಸುತ್ತಿದ್ದರು.

ನಾನು ಮುಂದಿನ ಸಲ ಹೋದಾಗ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಹದಿಮೂರು ಡಿಗ್ರಿ. ಇದು ನಡೆಯುವುದಿಲ್ಲ, ಇನ್ವರ್ಟರಿಗೆ ಕೊಡಿ ಅಂದೆ. ಇನ್ವರ್ಟರ್ ಲೈನ್ ಇದ್ದದ್ದು ದೇವರ ಕೋಣೆಗೆ ಮತ್ತು ಅಡಿಗೆಮನೆಗೆ ಮಾತ್ರ.

"ಅಡಿಗೆಮನೇಲೇ ಇಡಿ ಮತ್ತೆ" ಅಂದೆ.

ಕೃಷ್ಣಯ್ಯನವರ ಹೆಂಡತಿ ವೇದಾವತಮ್ಮ ಬಾಗಿಲ ಹತ್ತಿರ ನಿಂತಿದ್ದರು. ಮೆತ್ತಗೆ ಮಾತಾಡುವ ಹೆಂಗಸು. "ಊರವರ ಊಟದ ಮುಸುರೆ ನಮ್ಮ ಅಡಿಗೆಮನೆ ಒಳಗೆ ಎರಡೆರಡು ದಿನ ಇಡೂದು ಹೇಗೆ?" ಅಂದರು. ಬೆಂದ ಅನ್ನ, ಅದು ತಾಗಿದ ಪಾತ್ರೆ, ಎಲ್ಲ ಅವರಿಗೆ ಮುಸುರೆ. ಅಂದಿನದನ್ನು ಅಂದೇ ತೆಗೆದು ಒರೆಸಿ ಒಲೆ ಸಾರಿಸಬೇಕು. ಅವರ ಅಡಿಗೆಮನೆಯಲ್ಲಿ ತಂಗಳು ಎಂಬುದು ಒಂದು ದಿನವೂ ಉಳಿದದ್ದಿಲ್ಲ.

ನನಗೆ ಸಿಟ್ಟು ಬಂತು. ಒಳ್ಳೆಯ ಕೆಲಸಕ್ಕೆ ಅಡ್ಡ ಬರುವ ಶಾಸ್ತ್ರ ಎಂದುಕೊಂಡೆ. "ಡಬ್ಬಿಗೆ ಮುಚ್ಚಳ ಇದೆ, ಫ್ರಿಜ್ಜಿಗೆ ಬಾಗ್ಲಿದೆ. ಇನ್ನೆಲ್ಲಿಂದ ಬರತ್ತಮ್ಮ ಮುಸುರೆ?" ಎಂದು ಕೇಳಿಯೇ ಬಿಟ್ಟೆ.

ಕೃಷ್ಣಯ್ಯನವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಮೂಲೇಲಿ ಇಡುವ ವೇದಾ. ಒಲೆಗೆ ತಾಗೂದಿಲ್ಲ" ಅಂದರು. ಶಿವಕಿರಣನೂ ಇನ್ನೊಬ್ಬನೂ ಸೇರಿ ಫ್ರಿಜ್ ಎತ್ತಿ ಒಳಗಿಟ್ಟರು. ಒಂದು ಗಂಟೆಯ ಮೇಲೆ ಥರ್ಮಾಮೀಟರ್ ನಾಲ್ಕು ತೋರಿಸಿತು. ನಾನು ಆ ಐದು ಅಂಕವನ್ನೂ ಕೊಟ್ಟು, ವೇದಾವತಮ್ಮ ಮಾಡಿದ ಕಾಫಿ ಕುಡಿದು ಹೊರಟೆ. ನನ್ನ ಬುದ್ಧಿವಂತಿಕೆಯ ಬಗ್ಗೆ ನನಗೆ ಅವತ್ತು ಬಹಳ ಸಂತೋಷವಿತ್ತು.

ಆಮೇಲೆ ಅರವತ್ತಕ್ಕೂ ಹೆಚ್ಚು ಸಮಾರಂಭಗಳು ಆದವು. ಆ ಡಬ್ಬಿಗಳನ್ನು ಯಾರೂ ಕೇಳಲಿಲ್ಲ. ಎರಡು ದಿನ ಕಳೆದ ಮೇಲೆ ವೇದಾವತಮ್ಮ ಅವನ್ನು ಗೊಬ್ಬರದ ಗುಂಡಿಗೆ ಸುರಿದು, ಹುಣಸೆಹಣ್ಣು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಕೃಷ್ಣಯ್ಯನವರಿಗೆ ನಾನು ಮೊದಲು ಮೇಡಂ ಆಗಿದ್ದವಳು, ಅಷ್ಟು ಹೊತ್ತಿಗೆ ಮಾರಾಯ್ತಿ ಆಗಿದ್ದೆ. ಇನ್ನೊಬ್ಬರು ಹಾಗೆ ಕರೆದಿದ್ದರೆ ನಾನು ಬಿಡುತ್ತಿರಲಿಲ್ಲ.

ಕಳೆದ ಮೇ ತಿಂಗಳಲ್ಲಿ ಕೊಪ್ಪದ ದಿನಸಿ ಅಂಗಡಿಯ ಎದುರು ಸಿಕ್ಕಿದರು. ಅಡಿಗೆಗೆ ಬೆಲ್ಲ ಆರಿಸುತ್ತಿದ್ದರು.

"ಬುಧವಾರ ಎನ್.ಆರ್. ಪುರದಲ್ಲಿ ಶ್ರೀನಿವಾಸನ ಮಗಳ ನಿಶ್ಚಿತಾರ್ಥ. ಮುನ್ನೂರೈವತ್ತು ಜನ. ಮರುದಿನ ನಮ್ಮ ಅಪ್ಪಯ್ಯನ ತಿಥಿ. ಹೇಗಾಗ್ತದೋ ನೋಡ್ಬೇಕು ಮಾರಾಯ್ತಿ."

"ತಿಥಿ ಹಿಂದಿನ ದಿನ ಅಡಿಗೆಗೆ ಹೋಗ್ಬೋದಾ ಭಟ್ರೇ?"

"ಮಾಡ್ಲಿಕ್ಕೆ ಅಡ್ಡಿ ಇಲ್ಲ. ಉಣ್ಲಿಕ್ಕಿಲ್ಲ. ತಿಥಿ ಮಾಡುವವ ಹಿಂದಿನ ದಿನ ಬೇರೆ ಮನೆ ಅನ್ನ ತಿನ್ನೂ ಹಾಗಿಲ್ಲ. ಮನೆಗೆ ಬಂದು ಒಂದೇ ಹೊತ್ತು."

ನಾನು ಹ್ಞೂಂ ಅಂದೆ. ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಊಟ. ಸಂಜೆ ಐದಕ್ಕೆಲ್ಲ ವಾಂತಿ ಶುರುವಾಯಿತು. ಕತ್ತಲಾಗುವ ಮೊದಲೇ ನಲವತ್ತೆರಡು ಜನ ಆಸ್ಪತ್ರೆ ಸೇರಿದರು. ಅದರಲ್ಲಿ ಏಳು ವರ್ಷದ ಒಂದು ಹುಡುಗಿ, ಶರಣ್ಯಾ, ಬಹಳ ಸುಸ್ತಾಗಿದ್ದಾಳೆ ಎಂದು ಸುದ್ದಿ ಬಂತು. ಆಹಾರ ಸುರಕ್ಷತೆಯ ಅಧಿಕಾರಿ ನನಗೆ ಫೋನ್ ಮಾಡಿದರು. ನಾನು ಆಡಿಟ್ ಮಾಡಿದ ಅಡಿಗೆಯವರು ಎಂದು ಅವರಿಗೆ ಕಡತದಿಂದ ಗೊತ್ತಾಗಿತ್ತು. ಮಂಟಪದಲ್ಲಿ ಪಾತ್ರೆಗಳನ್ನೆಲ್ಲ ತೊಳೆದಾಗಿದೆ, ಉಳಿದದ್ದನ್ನು ಚೆಲ್ಲಿಯಾಗಿದೆ, ಪರೀಕ್ಷೆಗೆ ಕಳಿಸಲು ಒಂದು ಅಗುಳೂ ಇಲ್ಲ, ನೀರು ಮಾತ್ರ ತೆಗೆದುಕೊಂಡಿದ್ದೇವೆ ಅಂದರು.

"ಸರ್, ಚಿಂತೆ ಮಾಡ್ಬೇಡಿ" ಅಂದೆ. "ಕೃಷ್ಣಯ್ಯನವರ ಹತ್ರ ಎಲ್ಲದರ ಸ್ಯಾಂಪಲ್ ಇರತ್ತೆ. ನಾಲ್ಕು ಡಿಗ್ರಿಯಲ್ಲಿ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ."

ಹೇಳುವಾಗ ನನ್ನ ದನಿಯಲ್ಲಿ ಜಂಬ ಇತ್ತು. ಕೃಷ್ಣಯ್ಯನವರ ಫೋನಿಗೆ ಎರಡು ಸಲ ಮಾಡಿದೆ, ಎಂದಿನಂತೆ ನೆಟ್‌ವರ್ಕ್ ಇರಲಿಲ್ಲ. ಇರಲಿ, ತಿಥಿಯ ಮನೆ, ಗಾಬರಿ ಯಾಕೆ ಮಾಡುವುದು, ಡಬ್ಬಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದು ಬಿಟ್ಟೆ. ಇನ್ನೊಂದು ವಿಷಯವೂ ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಊಟದ ಕೊನೆಗೆ ಹಂಚಿದ ಫ್ರೂಟ್ ಸಲಾಡ್ ಐಸ್‌ಕ್ರೀಂ ಕೃಷ್ಣಯ್ಯನವರದ್ದಲ್ಲ. ಸಮಾರಂಭದ ಕಡೆಯವರೇ ಹೊರಗಿನಿಂದ ತರಿಸಿದ್ದು, ಮೂರು ಗಂಟೆ ಕರೆಂಟಿಲ್ಲದೆ ಕೂತಿದ್ದು. ತಿಂದ ನಾಲ್ಕೇ ಗಂಟೆಗೆ ವಾಂತಿ ಅಂದರೆ ಮೊದಲು ಹಾಲು, ಕೆನೆಯ ಕಡೆಗೇ ನೋಡಬೇಕು ಎಂದು ನಾನು ಓದಿದ್ದೇನೆ. ಡಬ್ಬಿಗಳು ಲ್ಯಾಬಿಗೆ ಹೋಗಿ ಅಡಿಗೆ ಚೆನ್ನಾಗಿತ್ತು ಎಂದು ಬಂದರೆ ಉಳಿಯುವುದು ಅದೊಂದೇ. ಅಷ್ಟು ಸುಲಭ.

ಮರುದಿನ ಹನ್ನೊಂದಕ್ಕೆ ಅಧಿಕಾರಿಯ ಜೀಪಿನ ಹಿಂದೆ ನನ್ನ ಸ್ಕೂಟಿ ಅವರ ಅಂಗಳ ಸೇರಿತು. ಒಳಗೆ ಮಂತ್ರ ಕೇಳಿಸುತ್ತಿತ್ತು. ಶಿವಕಿರಣ ಹೊರಗೆ ಬಂದು, ಈಗ ಯಾರೂ ಒಳಗೆ ಬರುವ ಹಾಗಿಲ್ಲ, ಅಮ್ಮ ಮಡಿಯಲ್ಲಿದ್ದಾಳೆ, ಬ್ರಾಹ್ಮಣರ ಊಟ ಆಗುವ ತನಕ ಅಡಿಗೆಮನೆಗೆ ಯಾರೂ ಕಾಲಿಡುವುದಿಲ್ಲ ಅಂದ. ಅಧಿಕಾರಿ ಒಳ್ಳೆಯ ಮನುಷ್ಯ. ಜಗುಲಿಯ ಬೆಂಚಿನ ಮೇಲೆ ಕೂತರು. ಹನ್ನೆರಡಾಯಿತು, ಒಂದಾಯಿತು. ಪುಸ್ತಕ ತೆಗೆದು ಏನೋ ಬರೆದರು. ನಾನು ಬಗ್ಗಿ ನೋಡಿದೆ. 'ಅಡಿಗೆಮನೆಯ ಪರಿಶೀಲನೆಗೆ ಎರಡು ಗಂಟೆ ಕಾಲ ಅವಕಾಶ ನೀಡಲಿಲ್ಲ' ಎಂದಿತ್ತು.

"ತಿಥಿ ಸರ್" ಅಂದೆ.

"ನನಗೆ ಅರ್ಥ ಆಗತ್ತಮ್ಮ. ಆದ್ರೆ ನಡೆದದ್ದನ್ನ ನಾನು ಬರೀಲೇಬೇಕಲ್ಲ" ಅಂದರು. ನಾನೇ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ಒಂದೂವರೆಗೆ ಕೃಷ್ಣಯ್ಯನವರು ಕಾಗೆಗೆ ಅನ್ನ ಇಡಲು ಅಂಗಳಕ್ಕೆ ಬಂದರು. ನನ್ನನ್ನು ನೋಡಿ ಮುಖ ಅರಳಿತು. "ಎಂತ ಮಾರಾಯ್ತಿ, ಇವತ್ತು ಬಂದದ್ದು?" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ತಿಥಿಯ ಕೆಲಸ ಮುಗಿಯುವ ತನಕ ಹೇಳುವುದು ಬೇಡ ಎಂದು ಶಿವಕಿರಣ ಬೆಳಿಗ್ಗೆಯಿಂದ ಬಾಯಿ ಬಿಗಿಹಿಡಿದುಕೊಂಡಿದ್ದ. ನಾನೇ ಹೇಳಿದೆ. ಅವರು ಮೊದಲು ಕೇಳಿದ್ದು "ಮಕ್ಕಳು ಹೇಗಿದ್ದಾರೆ?" ಎಂದು. ಆ ಹುಡುಗಿಗೆ ಡ್ರಿಪ್ ಹಾಕಿದ್ದಾರೆ, ಈಗ ಪರವಾಗಿಲ್ಲ ಅಂದೆ. "ಭಟ್ರೇ, ಡಬ್ಬಿ ತೆಗೀರಿ. ಸರ್ ಲ್ಯಾಬ್‌ಗೆ ಕಳಿಸ್ತಾರೆ" ಅಂದೆ.

ಅವರು ಕೈಯಲ್ಲಿದ್ದ ಎಲೆಯನ್ನು ಕಲ್ಲಿನ ಮೇಲೆ ಇಟ್ಟರು.

"ಡಬ್ಬಿ ಇಲ್ಲ" ಅಂದರು.

ನಾನು ನಂಬಲಿಲ್ಲ. ಅವರನ್ನು ದಾಟಿ ಒಳಗೆ ಹೋದೆ. ಬ್ರಾಹ್ಮಣರ ಊಟ ಆಗಿತ್ತು, ಯಾರೂ ತಡೆಯಲಿಲ್ಲ. ಅಷ್ಟು ಶುಭ್ರವಾದ ಅಡಿಗೆಮನೆಯನ್ನು ನಾನು ಈ ಕೆಲಸಕ್ಕೆ ಸೇರಿದ ಮೇಲೆ ನೋಡಿಲ್ಲ. ಗೋಡೆ ಒರೆಸಿತ್ತು. ತಾಮ್ರದ ಪಾತ್ರೆ ಹೊಳೆಯುತ್ತಿತ್ತು. ಫ್ರಿಜ್ಜಿನ ಬಾಗಿಲು ತೆರೆದಿಟ್ಟಿತ್ತು, ಒಳಗೆ ಒಂದು ಹನಿ ನೀರೂ ಇರಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಹನ್ನೊಂದು ಸ್ಟೀಲ್ ಡಬ್ಬಿಗಳು ಬೋರಲು ಬಿದ್ದಿದ್ದವು. ಒಂದರ ಮೇಲೆ ಚೀಟಿ ಅರ್ಧ ಅಂಟಿಕೊಂಡಿತ್ತು. 'ಕಡಲೆಬೇಳೆ ಪಾಯಸ' ಎಂದು ಓದಲು ಬರುತ್ತಿತ್ತು.

"ಯಾರು ತೆಗೆದದ್ದು?" ಎಂದು ಅಧಿಕಾರಿ ಕೇಳಿದರು.

"ನಾನು" ಎಂದು ವೇದಾವತಮ್ಮ ಒಳಗಿನಿಂದ ಅಂದರು. "ನಾನು" ಎಂದು ಕೃಷ್ಣಯ್ಯನವರೂ ಅಂದರು. ಇಬ್ಬರ ಮಾತೂ ಒಟ್ಟಿಗೇ ಬಂತು. ಅಧಿಕಾರಿ ಪೆನ್ನು ಹಿಡಿದುಕೊಂಡು ಇಬ್ಬರನ್ನೂ ನೋಡಿದರು.

ಕೃಷ್ಣಯ್ಯನವರು ಹೇಳಿದರು, ನನಗೆ ಹೇಳುವ ಹಾಗೆ. "ನಿನ್ನೆ ಸಂಜೆ ಬಂದವ ಎಲ್ಲವನ್ನೂ ಒಳಗೆ ಇಟ್ಟೆ. ಇವಳು ಎಂತದೂ ಹೇಳ್ಲಿಲ್ಲ, ಬಾಗಿಲಲ್ಲಿ ನಿಂತು ನೋಡಿದ್ಲು ಅಷ್ಟೆ. ಮರುದಿನ ಅಪ್ಪಯ್ಯ ಬರೂ ದಿನ. ಊರವರ ಮುಸುರೆ ಅಡಿಗೆಮನೇಲಿ ಇಟ್ಕೊಂಡು ಅಲ್ಲೇ ಪಿಂಡಕ್ಕೆ ಅನ್ನ ಮಾಡೂದು ಹೇಗೆ ಮಾರಾಯ್ತಿ? ಎರಡು ವರ್ಷದಲ್ಲಿ ಯಾರೂ ಕೇಳ್ಲಿಲ್ಲ. ಇದೊಂದು ಸಲ ಅಂತ ನಾನೇ ತೆಗೆದುಕೊಟ್ಟೆ. ಇವಳು ತೊಳೆದ್ಲು."

"ಫ್ರಿಜ್ಜನ್ನೇ ಜಗುಲಿಗೆ ತರಬಹುದಿತ್ತಲ್ಲ ಭಟ್ರೇ!"

"ಕರೆಂಟ್ ಇರ್ಲಿಲ್ಲ. ಜಗುಲಿಲಿ ಐದು ಡಿಗ್ರಿ ನಿಲ್ಲೂದಿಲ್ಲ ಅಂತ ನೀನೇ ಹೇಳಿದ್ದೆ."

"ಪಕ್ಕದ ಮನೆ ಬಸವಮ್ಮನ ಫ್ರಿಜ್ ಇತ್ತಲ್ಲ!"

"ಅದ್ರಲ್ಲಿ ಮೀನು ಇರ್ತದೆ. ಬೇರೆ ಎಂತದ್ದರ ಜೊತೆಗೂ ಇಡಬಾರ್ದು ಅಂತ ನೀನೇ ಬರೆಸಿದ್ದೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದರು. ಎರಡು ವರ್ಷದ ಹಿಂದೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಫ್ರಿಜ್ ಜಗುಲಿಯಲ್ಲೇ ಇರುತ್ತಿತ್ತು. ಹದಿಮೂರು ಡಿಗ್ರಿಯದ್ದಾದರೂ ಒಂದು ಡಬ್ಬಿ ಇವತ್ತು ಕೈಯಲ್ಲಿರುತ್ತಿತ್ತು.

ಅಧಿಕಾರಿ ಕೊನೆಯದಾಗಿ ಕೇಳಿದರು. "ನಿನ್ನೆ ಅಲ್ಲಿ ನೀವು ಊಟ ಮಾಡಿದ್ರಾ?"

ಅಡಿಗೆಯವರಿಗೆ ಅದೊಂದು ಕಡೆಯ ಆಸರೆ. ನಾನೂ ಅದನ್ನೇ ಉಂಡಿದ್ದೇನೆ, ನನಗೇನೂ ಆಗಿಲ್ಲ ಎಂದು ಎದೆ ತಟ್ಟಿ ಹೇಳಬಹುದು. ಕೃಷ್ಣಯ್ಯನವರು ತಲೆ ತಗ್ಗಿಸಿ "ಇಲ್ಲ" ಅಂದರು.

"ರುಚಿ?"

"ನಾನು ನೋಡೂದಿಲ್ಲ."

ಅಧಿಕಾರಿ ಬರೆದರು. ಅಡಿಗೆ ಮಾಡಿದವನು ತಾನು ಮಾಡಿದ್ದನ್ನು ತಿಂದಿಲ್ಲ. ಅದೇ ದಿನ ಸ್ಯಾಂಪಲ್ ನಾಶ ಮಾಡಿದ್ದಾನೆ. ಅಡಿಗೆಮನೆ, ಪಾತ್ರೆ ಎಲ್ಲ ಉಜ್ಜಿ ತೊಳೆಯಲಾಗಿದೆ. ಒಂದೂ ಸುಳ್ಳಲ್ಲ. ಓದಿದರೆ ಮಾತ್ರ ಮೈ ಜುಮ್ಮೆನ್ನುತ್ತದೆ. "ಸರ್, ತಿಥಿಯ ವಿಷಯ ಬರ್ಕೊಳ್ಳಿ" ಎಂದು ಗೋಗರೆದೆ. ಅವರು ಫಾರಂ ನನ್ನ ಕಡೆ ತಿರುಗಿಸಿ, "ಎಲ್ಲಿ ಬರೀಲಿ, ನೀನೇ ತೋರಿಸಮ್ಮ" ಅಂದರು. ನಾನು ಮೇಲಿನಿಂದ ಕೆಳಗೆ ನೋಡಿದೆ. ಅಂಥ ಕಾಲಂ ಇರಲಿಲ್ಲ. ಕೊನೆಗೆ ಅಂಚಿನಲ್ಲಿ ಸಣ್ಣದಾಗಿ 'ಮನೆಯಲ್ಲಿ ಧಾರ್ಮಿಕ ಕಾರ್ಯ ಇತ್ತೆಂದು ಹೇಳಿಕೆ' ಎಂದು ಗೀಚಿದರು. ವೇದಾವತಮ್ಮ ತಂದಿಟ್ಟ ಕಾಫಿ ತಣ್ಣಗಾಯಿತು.

ನಾನು ಸುಮ್ಮನೆ ಕೂರಲಿಲ್ಲ. ಎರಡು ದಿನ ಬಿಟ್ಟು ಎನ್.ಆರ್. ಪುರಕ್ಕೆ ಶ್ರೀನಿವಾಸನ ಮನೆಗೆ ಹೋದೆ. ಆ ಹೊತ್ತಿಗೆ ಶರಣ್ಯಾ ಸೇರಿದಂತೆ ಎಲ್ಲರೂ ಗುಣವಾಗಿ ಮನೆಗೆ ಬಂದಿದ್ದರು. ಐಸ್‌ಕ್ರೀಂ ಎಲ್ಲಿಂದ ತಂದಿರಿ, ಯಾರು ತಂದರು, ಒಂದು ಕಪ್ಪಾದರೂ ಉಳಿದಿದೆಯಾ ಎಂದು ಕೇಳಿದೆ. ಶ್ರೀನಿವಾಸ ನನಗೆ ಕುರ್ಚಿ ಕೊಟ್ಟ, ಪಾನಕ ಕೊಟ್ಟ, ಉತ್ತರ ಕೊಡಲಿಲ್ಲ.

"ಗಂಡಿನ ಮನೆ ಕಡೇವ್ರು ಪ್ರೀತಿಯಿಂದ ತರ್ಸಿದ್ದು ಮೇಡಂ. ಈಗ ಅದನ್ನ ಕೆದಕಿದ್ರೆ ಸಂಬಂಧ ಉಳಿಯತ್ತಾ? ಎಲ್ರೂ ಹುಷಾರಾದ್ರಲ್ಲ, ಬಿಟ್ಬಿಡಿ."

"ಕೃಷ್ಣಯ್ಯನವರ ಹೆಸರು ಹೋಯ್ತಲ್ಲ?"

"ಅವ್ರು ದೊಡ್ಡ ಮನುಷ್ಯರು. ತಡ್ಕೋತಾರೆ" ಅಂದ. ಅವನ ಮುಖಕ್ಕೆ ಪಾನಕ ಎರಚಬೇಕು ಅನ್ನಿಸಿತು. ಕುಡಿದು ಎದ್ದು ಬಂದೆ. ಅವನಿಗೂ ಮಗಳ ಮದುವೆಯ ಭಯ. ಐಸ್‌ಕ್ರೀಮಿನಿಂದಲೇ ಆದದ್ದು ಎಂದು ಆಣೆ ಮಾಡಿ ಹೇಳಲು ನನಗಾದರೂ ಏನು ಆಧಾರವಿತ್ತು? ಡಬ್ಬಿ ಇದ್ದಿದ್ದರೆ ಗೊತ್ತಾಗುತ್ತಿತ್ತು, ಅಷ್ಟೆ.

ನೀರಿನ ವರದಿ ಬಂತು, ನೀರು ಸರಿಯಾಗಿತ್ತು. ಐಸ್‌ಕ್ರೀಮಿನ ವಿಷಯ ನಾನು ಅಧಿಕಾರಿಗೆ ಹೇಳಿದರೂ ಒಂದು ಕಪ್ಪೂ ಸಿಗದೆ ಅದು ಬರೀ ಮಾತಾಗಿ, ಉಳಿದದ್ದು ಅಡಿಗೆ ಒಂದೇ ಎಂದಾಯಿತು. ವಿಚಾರಣೆ ಮುಗಿಯುವ ತನಕ ಕೃಷ್ಣಯ್ಯನವರ ನೋಂದಣಿಯನ್ನು ಅಮಾನತಿನಲ್ಲಿ ಇಟ್ಟರು. ಅಂದರೆ ಅವರು ಎಲ್ಲೂ ಸೌಟು ಹಿಡಿಯುವಂತಿಲ್ಲ. ಆ ತಿಂಗಳಿನ ಒಂಬತ್ತು ಮದುವೆಗಳೂ ಬೇರೆಯವರ ಪಾಲಾದವು. ತಂಡದವರು ಒಬ್ಬೊಬ್ಬರೇ ಬೇರೆ ಕಡೆ ಸೇರಿಕೊಂಡರು, ಶಿವಕಿರಣ ವ್ಯಾನಿನಲ್ಲಿ ಸಿಮೆಂಟ್ ಸಾಗಿಸಲು ಶುರುಮಾಡಿದ. ಶೃಂಗೇರಿ ಪೇಟೆಯಲ್ಲಿ ಒಬ್ಬರು ನನ್ನೆದುರಿಗೇ "ಅವ್ರು ಮಾಡಿದ್ದನ್ನ ಅವ್ರೇ ತಿಂದಿಲ್ವಂತೆ ಮಾರಾಯ" ಎಂದು ಇನ್ನೊಬ್ಬರಿಗೆ ಹೇಳುತ್ತಿದ್ದರು. ನಾನು ತಿರುಗಿ ನಿಂತು ಜಗಳಕ್ಕೆ ಹೋದೆ. ತಿಥಿ, ಮುಸುರೆ, ಇನ್ವರ್ಟರ್ ಲೈನ್ ಎಂದು ರಸ್ತೆಯಲ್ಲಿ ನಿಂತು ವಿವರಿಸಿದೆ. ಅವರು ನಾನು ಮುಗಿಸುವ ಮೊದಲೇ ಬಸ್ ಹತ್ತಿದರು.

ಜೂನ್ ಮೊದಲ ವಾರ ಕಂಪನಿಯಿಂದ ನನಗೆ ಆದೇಶ ಬಂತು. ಕೃಷ್ಣಯ್ಯನವರ ಮರು ಆಡಿಟ್ ಮಾಡಬೇಕು, ವಿಚಾರಣೆಗೆ ಅದರ ವರದಿ ಹೋಗುತ್ತದೆ. ಅದು ಚೆನ್ನಾಗಿದ್ದರೆ ಅಮಾನತು ತೆಗೆಯುವ ಸಾಧ್ಯತೆ ಇದೆ. ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡೆ. ಬೇರೆ ಯಾರೂ ಇಲ್ಲ ಅಂದರು.

ನಾನು ಹೋದಾಗ ಕೃಷ್ಣಯ್ಯನವರು ಜಗುಲಿಯಲ್ಲೇ ಇದ್ದರು. ಎರಡು ವಾರದಲ್ಲಿ ಸೊರಗಿದ್ದರು. ಕಸೂತಿ ಹಾಕಿದ ಬಟ್ಟೆಯೊಂದನ್ನು ಹೊದ್ದು ಫ್ರಿಜ್ ಮತ್ತೆ ಜಗುಲಿಗೆ ಬಂದು ನಿಂತಿತ್ತು.

"ಇಲ್ಲೇ ಇರ್ಲಿ ಅಂತ ತಂದೆ ಮಾರಾಯ್ತಿ. ಇಲ್ಲಿದ್ರೆ ತಿಥಿ ಬರ್ಲಿ, ಎಂತ ಬರ್ಲಿ, ಯಾರೂ ತೆಗೀಬೇಕು ಅಂತಿಲ್ಲ."

ನಾನು ಬಾಗಿಲು ತೆಗೆದೆ. ಒಳಗೆ ಆರು ಡಬ್ಬಿಗಳು ಸಾಲಾಗಿದ್ದವು. ನನಗೆ ಅರ್ಥವಾಗಲಿಲ್ಲ. ಅವರಿಗೆ ಅಡಿಗೆಯ ಕೆಲಸವೇ ಇಲ್ಲ, ಸ್ಯಾಂಪಲ್ ಎಲ್ಲಿಂದ ಬಂತು? ಒಂದನ್ನು ಎತ್ತಿಕೊಂಡು ಚೀಟಿ ಓದಿದೆ. ಅವರದೇ ದುಂಡು ಅಕ್ಷರ. 'ಪದಾರ್ಥ: ಸಾರು ಅನ್ನ. ಸಮಯ: ಮಧ್ಯಾಹ್ನ ಹನ್ನೆರಡೂವರೆ.' ದಿನಾಂಕ ನಿನ್ನೆಯದು. ಸಮಾರಂಭದ ಹೆಸರು ಬರೆಯುವಲ್ಲಿ 'ಮನೆ ಊಟ. ಮೂರು ಜನ' ಎಂದಿತ್ತು.

"ದಿನಾ ಇಡ್ತಾರೆ" ಎಂದು ವೇದಾವತಮ್ಮ ಒಳಗಿನಿಂದ ಹೇಳಿದರು. "ಬೇಡ ಅಂದ್ರೂ ಕೇಳೂದಿಲ್ಲ."

ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಥರ್ಮಾಮೀಟರ್ ಇಟ್ಟು ಕಾದೆ. ಕೃಷ್ಣಯ್ಯನವರು ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಹದಿಮೂರು. ಇನ್ನೊಮ್ಮೆ ಇಟ್ಟೆ. ಮತ್ತೆ ಹದಿಮೂರು. ಒಳಗಿಟ್ಟರೆ ಅವರ ಅಪ್ಪನಿಗೆ ಆಗದು, ಹೊರಗಿಟ್ಟರೆ ನನ್ನ ಫಾರಂಗೆ ಆಗದು. ಜೀವಮಾನದಲ್ಲಿ ಒಂದು ಸುಳ್ಳು ಬರೆಯಬೇಕು ಎಂದು ನನಗೆ ಅವತ್ತು ಮನಸಾರೆ ಅನ್ನಿಸಿತು. ನಾಲ್ಕು ಎಂದು ಬರೆಯಲು ಪೆನ್ನು ಊರಿದೆ.

"ಇದ್ದದ್ದು ಬರಿ ಮಾರಾಯ್ತಿ" ಅಂದರು. "ನಿನ್ನ ಹೆಸರೂ ಯಾಕೆ ಹೋಗ್ಬೇಕು?"

ಹದಿಮೂರು ಎಂದು ಬರೆದೆ. ಬರೆದು ಅತ್ತೆ. ಅಳುವುದು ನನ್ನ ಅಭ್ಯಾಸವಲ್ಲ, ಆದರೆ ಅತ್ತೆ. ಅವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಫ್ರಿಜ್ಜಿನಿಂದ ನಿನ್ನೆಯ ಆ ಡಬ್ಬಿಯನ್ನು ತೆಗೆದು, ಪಂಚೆಯ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

"ಇದನ್ನಾದ್ರೂ ತಗೊಂಡ್ಹೋಗಿ ಟೆಸ್ಟ್ ಮಾಡ್ಸು. ಅದೇ ಕೈ, ಅದೇ ಕ್ರಮ. ನನ್ನ ಅಡಿಗೇಲಿ ವಿಷ ಇಲ್ಲ ಅಂತ ಒಂದು ಕಾಗದ ಬಂದ್ರೆ ಸಾಕು. ಕೆಲ್ಸ ಸಿಗದಿದ್ರೂ ಅಡ್ಡಿಲ್ಲ."

ಮೂರು ಜನರ ಮನೆ ಊಟವನ್ನು, ಯಾವ ಪ್ರಕರಣಕ್ಕೂ ಸೇರದ ಡಬ್ಬಿಯನ್ನು, ಯಾರೂ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ಅದು ನನಗೆ ಗೊತ್ತಿತ್ತು. ಅವರಿಗೆ ಹೇಳಲು ಬಾಯಿ ಬರಲಿಲ್ಲ. "ಆಯ್ತು ಭಟ್ರೇ" ಎಂದು ತೆಗೆದುಕೊಂಡು ಸ್ಕೂಟಿಯ ಸೀಟಿನ ಕೆಳಗೆ ಇಟ್ಟೆ.

ಕೊಪ್ಪಕ್ಕೆ ಬಂದು ನನ್ನ ರೂಮಿನಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡುತ್ತ ಕೂತೆ. ಚೆಲ್ಲಲು ಕೈ ಬರಲಿಲ್ಲ. ಕೈ ತೊಳೆದು ಮುಚ್ಚಳ ತೆಗೆದೆ, ಸಾರು ಅನ್ನವನ್ನು ಕೊನೆಯ ಅಗುಳಿನ ತನಕ ತಿಂದೆ. ಹದಿಮೂರು ಡಿಗ್ರಿಯಲ್ಲಿಟ್ಟ ಹಿಂದಿನ ದಿನದ ಅನ್ನ ತಿನ್ನಬೇಡಿ ಎಂದು ಊರಿಗೆಲ್ಲ ಪಾಠ ಹೇಳುವವಳು ತಿಂದೆ. ಉಪ್ಪು ಹದವಾಗಿತ್ತು. ಮರುದಿನ ಸಂಜೆಯ ತನಕ ಕಾದೆ, ನನಗೆ ಏನೂ ಆಗಲಿಲ್ಲ.

ಮುಂದಿನ ವಾರ ಕೃಷ್ಣಯ್ಯನವರು ರಸ್ತೆಯ ತನಕ ಹತ್ತಿ ಬಂದು ನೆಟ್‌ವರ್ಕ್ ಹಿಡಿದು ಫೋನ್ ಮಾಡಿದರು. "ರಿಪೋರ್ಟ್ ಬಂತಾ ಮಾರಾಯ್ತಿ?" ಎಂದು ಕೇಳಿದರು. ಇನ್ನೂ ಬಂದಿಲ್ಲ ಅಂದೆ. ಪ್ರತಿ ಸೋಮವಾರ ಕೇಳುತ್ತಾರೆ. ಇನ್ನೂ ಬಂದಿಲ್ಲ ಅನ್ನುತ್ತೇನೆ.